ಕನ್ನಡಕ ಒರೆಸುತ್ತಾ ಹೊಳೆದದ್ದು

ನಿನ್ನೆ ರಾತ್ರಿ ಓದುವ ನಡುವೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದಾಗ, ಪುಟದ ಅಕ್ಷರಗಳೆಲ್ಲ ಮಸಿ ಚೆಲ್ಲಿದಂತೆ ಕಲಸಿಹೋಗಿ, 16ನೆಯ ಶತಮಾನದ ಕ್ರೈಸ್ತ ಧರ್ಮಚಿಂತಕ ಜಾನ್ ಕ್ಯಾಲ್ವಿನ್ ಕೊಟ್ಟ ಹೋಲಿಕೆಯೊಂದು ನೆನಪಾಯಿತು. ದೃಷ್ಟಿ ಮಂದವಾದ ಮುದುಕರ ಮುಂದೆ ಎಷ್ಟೇ ಚೆಂದದ ಪುಸ್ತಕವನ್ನಿಟ್ಟರೂ ಅವರು ಎರಡು ಪದಗಳನ್ನು ಕೂಡಿಸಿ ಓದಲಾರರು. ಕನ್ನಡಕ ಸಿಕ್ಕೊಡನೆ ಸ್ಪಷ್ಟವಾಗಿ ಓದತೊಡಗುತ್ತಾರೆ. ದೇವರ ಕುರಿತು ನಮ್ಮೊಳಗಿರುವ ಗೊಂದಲದ ಅರಿವನ್ನು ಪವಿತ್ರ ಗ್ರಂಥವಾದ ಬೈಬಲ್ ಹೀಗೆಯೇ ತಿಳಿಗೊಳಿಸುತ್ತದೆ ಎಂಬುದು ಅವರ ನಿಲುವು.

ಈ ಹೋಲಿಕೆ ನನಗೆ ಹಿಡಿಸಲು ಕಾರಣವಿದೆ. ಕನ್ನಡಕ ಹಾಕಿಕೊಂಡವನೂ ತನ್ನ ಕಣ್ಣಿನಿಂದಲೇ ನೋಡಬೇಕು. ಅಂತೆಯೇ ನಂಬಿದವನೂ ತನ್ನ ಬುದ್ಧಿಯಿಂದಲೇ ಯೋಚಿಸಬೇಕು. ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದ ಮೊದಲ ಅಧ್ಯಾಯವು ಯೆಹೋವನ, ಅಂದರೆ ದೇವರ, ಭಯವನ್ನು ತಿಳುವಳಿಕೆಯ ಮೂಲವೆಂದು ಕರೆಯುವಾಗಲೂ (ಅಲ್ಲಿನ ಭಯ ಹೆದರಿಕೆಗಿಂತ ಭಕ್ತಿಗೇ ಹತ್ತಿರ) ಆ ಭಕ್ತಿಯನ್ನು ಕಲಿಕೆಯ ಆರಂಭವಾಗಿ ಕಾಣುತ್ತದೆಯೇ ಹೊರತು ಅದರ ಕೊನೆಯಾಗಿ ಅಲ್ಲ. 11ನೆಯ ಶತಮಾನದ ಕ್ರೈಸ್ತ ಚಿಂತಕ ಆನ್ಸೆಲ್ಮ್ ತಮ್ಮ ಚಿಂತನೆಯನ್ನು ಅರಿವನ್ನು ಅರಸುವ ನಂಬಿಕೆ ಎಂದು ಕರೆದರು. ದೇವರಿದ್ದಾನೆ ಎಂಬಷ್ಟನ್ನು ತರ್ಕವೇ ತಲುಪಬಲ್ಲದು, ತ್ರಿತ್ವದಂಥ (ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿದ್ದಾನೆ ಎಂಬ) ಸತ್ಯ ಮಾತ್ರ ದೇವರೇ ತಿಳಿಸಿಕೊಡುವ ಪ್ರಕಟನೆಯಿಂದಲೇ ದೊರೆಯಬೇಕು ಎಂದು 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವೀನಾಸ್ ಗೆರೆ ಎಳೆದರು.

ಆದರೆ ಕನ್ನಡಕವೇ ಸರಿಯಿದೆಯೆಂದು ತಿಳಿಯುವುದು ಹೇಗೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ತರ್ಕವನ್ನು ನಂಬುವವನಿಗೂ, ಆ ತರ್ಕವನ್ನು ಪರೀಕ್ಷಿಸಲು ತರ್ಕವಲ್ಲದೆ ಬೇರೆ ಸಾಧನವಿಲ್ಲ ಎಂಬುದಷ್ಟೇ ಸದ್ಯಕ್ಕೆ ನನಗೆ ತೋಚುವ ಉತ್ತರ.