ಮುತ್ಯಾನ ಭಜನಿ ವಹಿ ಕಂಪ್ಯೂಟರಿಗೆ ಏರಿಸೋ ಕೆಲಸ: ಎಲ್ಲಿಗೆ ಬಂತು

ಜನವರಿ 11

ನಮ್ಮ ಮುತ್ಯಾ ಬರ್ದಿಟ್ಟ ಮೂರು ವಹಿ ಅವ. ಎಲ್ಲಾ ತತ್ವಪದ, ಭಜನಿ ಪದ. ಕಡಕೋಳ ಮಡಿವಾಳಪ್ಪನವರದು ಭಾಳ ಅವ, ಇನ್ನ ಯಾರ‍್ಯಾರದೋ ಅವ, ಅಮಾವಾಸಿಗೆ ರಾತ್ರಿಡೀ ಭಜನಿ ಕುಂತಾಗ ಬ್ಯಾರೆ ಊರಿನವರು ಹಾಡಿದ್ದು ಕೇಳಿ ಬರ್ಕೊಂಡಿದ್ದು. ಹಾಳಿ ಅಂಚು ಪುಡಿ ಆಗ್ಲಕತ್ತದ, ಎರಡನೇ ವಹಿಗೆ ಗೆದ್ದಲ ಹತ್ತಿತ್ತು, ಟ್ರಂಕಿನಾಗಿಂದ ತೆಗಿಯೋದು ಇನ್ನೊಂದು ವರ್ಷ ತಡ ಆಗಿದ್ರ ಅದು ಇರ್ತಿದ್ದಿಲ್ಲ. ಇವತ್ತ ಕುಂತು ಎಣಿಸಿದೆ, 268 ಪದ ಅವ. ಎಲ್ಲಾ ಹಾಳಿ ಫೋನಿನಾಗ ಫೋಟೋ ಹೊಡ್ದೆ, ಫ್ಲ್ಯಾಶ್ ಹಾಕಿಲ್ಲ, ಮಾಳಿಗಿ ಮ್ಯಾಲ ನೆಳ್ಳಾಗ ಇಟ್ಟು ಹೊಡ್ದೆ, ಪೆನ್ಸಿಲ್‌ಲೆ ಬರ್ದಿದ್ದೂ ಚಂದ ಕಾಣ್ತದ.

ಜನವರಿ 18

ಲ್ಯಾಪ್‌ಟಾಪ್ 2014ರದು. 2025 ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು, ವಿಂಡೋಸ್ 11 ಹಾಕ್ಬೇಕಂದ್ರ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರ 8ನೇ ಜನರೇಶನ್ ಮ್ಯಾಲಿನ ಪ್ರೊಸೆಸರ್ ಬೇಕು, ಇದ್ರಾಗ ಎರಡೂ ಇಲ್ಲ. ಅಣ್ಣ ಹೊಸಾದು ತಗೋ ಅಂದ. ಆದ್ರ ಇದರ ಕೀಬೋರ್ಡ್ ಈಗಿನ ತೆಳು ಲ್ಯಾಪ್‌ಟಾಪಿನಕಿಂತ ಎಷ್ಟೋ ಪಾಲು ಚಲೋ ಅದ, ಕೀ ಒಳಗ ಇಳೀತದ, ಒತ್ತಿದ್ದು ಬೆರಳಿಗೆ ಗೊತ್ತಾಗ್ತದ, ನನ್ನ ಕೆಲಸ ಪೂರಾ ಟೈಪಿಂಗ್ ಇರೋದು. ಹಂಗಾಗಿ ಹಾರ್ಡ್ ಡಿಸ್ಕ್ ತೆಗ್ದು 240 ಜಿಬಿ ಎಸ್‌ಎಸ್‌ಡಿ ಹಾಕ್ಸಿದೆ, ರ‍್ಯಾಮ್ 4ರಿಂದ 8 ಜಿಬಿ ಮಾಡ್ಸಿದೆ, ವಿಂಡೋಸ್ ಬದಲಿ ಲಿನಕ್ಸ್ ಮಿಂಟ್ 22 ಹಾಕಿದೆ. ಮೊದ್ಲ ಚಾಲೂ ಆಗ್ಲಿಕ್ಕ ಮೂರು ನಿಮಿಷ ತಗೋತಿತ್ತು, ಈಗ ಅರ್ಧ ನಿಮಿಷನೂ ಇಲ್ಲ. ಹಾರ್ಡ್ ಡಿಸ್ಕಿನಾಗ ತಾಟು ತಿರುಗಬೇಕು, ಮುಳ್ಳು ಹೋಗಿ ಹುಡುಕಬೇಕು, ಎಸ್‌ಎಸ್‌ಡಿ ಒಳಗ ತಿರುಗೋದು ಯಾವುದೂ ಇಲ್ಲ. ಹಳೆ ಲ್ಯಾಪ್‌ಟಾಪ್ ಸ್ಲೋ ಆಗ್ಯದ ಅನ್ನೋವ್ರಿಗೆ ನಾ ಹೇಳೋದು ಇದೊಂದೇ, ಮೊದ್ಲು ಡಿಸ್ಕ್ ಬದಲು ಮಾಡ್ರಿ, ಆಮ್ಯಾಲ ಹೊಸಾದರ ವಿಚಾರ.

ಫೆಬ್ರವರಿ 1

ಟೈಪಿಂಗ್ ಕೆ.ಪಿ. ರಾವ್ ಅವರ ಲೇಔಟ್, ನುಡಿ ಸಾಫ್ಟ್‌ವೇರಿನಾಗ ಇರೋದೇ. ಮಿಂಟ್‌ನಾಗ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿ ಕೆಜಿಪಿ ಅಂತ ಆರಿಸ್ಕೊಂಡ್ರ ಬರ್ತದ. ಕ್ಯೂ ಒತ್ತಿದ್ರ ಟ, ಡಬ್ಲ್ಯೂ ಒತ್ತಿದ್ರ ಡ, ಒತ್ತಕ್ಷರಕ್ಕ ನಡುವ ಎಫ್. ಮಹಾಪ್ರಾಣ ಬೇಕಂದ್ರ ಶಿಫ್ಟ್. ಇಂಗ್ಲಿಷ್ ಸ್ಪೆಲಿಂಗ್ ಹೊಡ್ದು ಕನ್ನಡ ಬರಿಸೋದು ಮೆಸೇಜಿಗೆ ಸಾಕು, ಆದ್ರ ನೂರಾರು ಹಾಳಿ ಹೊಡಿಯೋವ್ರಿಗೆ ಈ ಲೇಔಟೇ ಬೇಕು ಅಂತ ನಾ ಖರೇನ ನಂಬ್ತೀನಿ, ಹತ್ತು ದಿನ ಕಷ್ಟ ಆಗ್ತದ, ಆಮ್ಯಾಲ ಬೆರಳು ತಾನೇ ಹೋಗ್ತದ.

ಫೆಬ್ರವರಿ 8

ಫೋಟೋದಿಂದ ಸೀದಾ ಅಕ್ಷರ ತೆಗಿಯೋದು ನೋಡಿದೆ. ಟೆಸ್ಸೆರಾಕ್ಟ್ ಫುಕಟ್ ಸಿಗ್ತದ, ಕನ್ನಡನೂ ಅದ. ವಹಿ ಒಳಗ ಒಂದು ಅಚ್ಚಾದ ಪಾಂಪ್ಲೆಟ್ ಇತ್ತು, 300 ಡಿಪಿಐ ಸ್ಕ್ಯಾನ್ ಮಾಡಿ ಕೊಟ್ರ ಛಲೋನೇ ಓದ್ತು, ಬ-ಭ, ದ-ಧ, ಒತ್ತಕ್ಷರದಾಗ ಅಷ್ಟು ತಪ್ತು. ಮುತ್ಯಾನ ಕೈಬರಹ ಕೊಟ್ರ ಏನೂ ಹತ್ತಲಿಲ್ಲ. ಅದು ಅಚ್ಚಿನ ಅಕ್ಷರ ಕಲ್ತಿದ್ದು, ಮುತ್ಯಾ ಮೋಡಿ ಲಿಪಿ ಹಂಗ ಕೈ ಎತ್ಲಾರ್ದೆ ಬರಿತಿದ್ದ.

ಫೋನಿನಾಗ ಮಾತಾಡಿ ಟೈಪ್ ಮಾಡೋದೂ ನೋಡಿದೆ. ನಾ ಓದ್ತಾ ಹೋದಂಗ ಬಡಾಬಡಾ ಬೀಳ್ತದ, ಆದ್ರ ಮುತ್ಯಾ "ಬಂದಾನ" ಅಂತ ಬರ್ದಿದ್ರ ಅದು "ಬಂದನು" ಅಂತ ಹಾಕ್ತದ, "ಮ್ಯಾಲ" ಅಂದ್ರ "ಮೇಲೆ". ಪದದ ಧಾಟಿ ಅಲ್ಲೇ ಹೋಯ್ತು. ಒಂದು ಮಾತ್ರೆ ಕಮ್ಮಿ ಹೆಚ್ಚಾದ್ರ ದಮ್ಮಡಿ ಏಟಿಗೆ ಕೂಡಂಗಿಲ್ಲ. ಬರ್ದಿದ್ದು ತಾನೇ ತಿದ್ದೋ ಯಾವ ಸಾಮಾನೂ ಈ ಕೆಲಸಕ್ಕ ಬ್ಯಾಡ ಅಂತ ಅವತ್ತೇ ಠರಾಯಿಸಿದೆ, ಆಟೋಕರೆಕ್ಟ್ ಪೂರಾ ಬಂದ್, ಸ್ಪೆಲ್‌ಚೆಕ್‌ನ ಕೆಂಪು ಗೆರಿನೂ ಬಂದ್. ಮುತ್ಯಾ ಹೆಂಗ ಬರ್ದಾನೋ ಹಂಗ. ಎರಡು ಕಡೆ ಎರಡು ನಮೂನಿ ಬರ್ದಿದ್ರ ಎರಡೂ ಹಂಗೇ.

ಫೆಬ್ರವರಿ 22

34 ಪದ ಆದವು. ಎರಡು ವರ್ಷದ ಹಿಂದ ಇದೇ ಕೆಲಸ ಒಂದು ನೋಟ್ಸ್ ಆ್ಯಪಿನಾಗ ಶುರು ಮಾಡಿದ್ದೆ. ಅದ್ರಾಗ ಬಣ್ಣ, ಟ್ಯಾಗ್, ಬೋರ್ಡ್ ಎಲ್ಲಾ ಇತ್ತು, ಎರಡು ವಾರ ಅದನ್ನ ಜೋಡ್ಸೋದ್ರಾಗೇ ಹೋಯ್ತು, ಟೈಪ್ ಆಗಿದ್ದು ಒಂಬತ್ತೇ ಪದ. ಆಮ್ಯಾಲ ಹೊರಗ ತೆಗಿಯಾಕ ಹೋದ್ರ ಸಾಲೆಲ್ಲಾ ಒಂದಕ್ಕೊಂದು ಕೂಡಿ ಬಂತು, ಪಲ್ಲವಿ ಯಾವುದು ನುಡಿ ಯಾವುದು ಗೊತ್ತಾಗಲಾರದಂಗ. ಈಗ ಸಾದಾ ಟೆಕ್ಸ್ಟ್ ಫೈಲ್, ಒಂದು ಪದಕ್ಕ ಒಂದು ಫೈಲ್, ಹೆಸರು 001ರಿಂದ 268. ಅಕ್ಷರ ಕಂಪ್ಯೂಟರಿನಾಗ ಇಡೋ ಯುಟಿಎಫ್-8 ಪದ್ಧತಿಯಾಗ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನಿಗೆ 3 ಬೈಟ್ ಹೋಗ್ತದ, ಆದ್ರೂ ಇಡೀ ಮೂರು ವಹಿ ಕೂಡಿ ಒಂದು ಎಂಬಿ ದಾಟಂಗಿಲ್ಲ. ಮುಂದ ಯಾವ ಕಂಪ್ಯೂಟರ್ ಬಂದ್ರೂ ತೆಗೀತದ.

25 ನಿಮಿಷ ಟೈಮರ್ ಇಟ್ಟು ಮಾಡೋ ಪೊಮೊಡೊರೊನೂ ಮಾಡ್ದೆ. ಆಫೀಸ್ ಕೆಲಸಕ್ಕ ನಂಗ ಚಲೋ ಆಗ್ಯದ. ಇಲ್ಲಿ ಬ್ಯಾಡ. ನಡುವ ಮೂರನೇ ನುಡಿಯಾಗ ಇರ್ತೀನಿ, ಗಂಟಿ ಬಾರಿಸ್ತದ, ಎದ್ದು ಬಂದ್ರ ಆ ಅಕ್ಷರದ ಗುರುತೇ ತಪ್ತದ. ಈಗ ಗಡಿಯಾರದ ಲೆಕ್ಕ ಬಿಟ್ಟು ಪದದ ಲೆಕ್ಕ ಹಿಡ್ದೀನಿ, ಮುಂಜಾನಿ ಐದೂವರಿಗೆ ಕುಂತು ಎರಡು ಪದ, ಫೋನ್ ಇನ್ನೊಂದು ಖೋಲಿಯಾಗ.

ಮಾರ್ಚ್ 15

ಹೋಳಿ ಆಗಿ ಐದನೇ ದಿನಕ್ಕ ಶರಣಬಸವೇಶ್ವರ ಜಾತ್ರಿ, ಮನಿ ತುಂಬ ಮಂದಿ, ಒಂದು ವಾರ ಒಂದಕ್ಷರನೂ ಆಗಿಲ್ಲ. ಆದ್ರ ಜಾತ್ರಿಗೆ ಬಂದ ಕಾಕಾನ ಮಗಳು ವಹಿ ನೋಡಿ ನಾನೂ ಹೊಡೀತೀನಿ ಅಂದಳು, ಮೂರನೇ ವಹಿಯ ಫೋಟೋ ಆಕಿಗಿ ಕೊಟ್ಟೀನಿ.

ಏಪ್ರಿಲ್ 5

ತಂಗಿ ಕಳ್ಸಿದ 20 ಪದ ಕೂಡ್ಸಿದೆ. ಕಣ್ಣಿಗೆ ಒಂದೂ ತಪ್ಪಿಲ್ಲ. ಆದ್ರ "ಲಿಂಗ" ಅಂತ ಸರ್ಚ್ ಕೊಟ್ರ ಆಕಿ ಫೈಲಿನಾಗ ಒಂದೂ ಸಿಗವಲ್ದು, ಎದುರಿಗೆ ಕಾಣ್ತದ, ಸಿಗಂಗಿಲ್ಲ. ಅರ್ಧ ದಿನ ಹೋಯ್ತು ತಿಳಿಯಾಕ. ಆಕಿ ಅನುಸ್ವಾರದ ಸೊನ್ನಿ ಇರೋ ಜಾಗಾದಾಗ ಕನ್ನಡ ಅಂಕಿಯ ಸೊನ್ನಿ ಹಾಕ್ಯಾಳ. ಭಾಳಷ್ಟು ಫಾಂಟಿನಾಗ ಎರಡೂ ಒಂದೇ ನಮೂನಿ ದುಂಡಗ ಕಾಣ್ತವ, ಯೂನಿಕೋಡಿನಾಗ ಅನುಸ್ವಾರ 0ಸಿ82, ಅಂಕಿ ಸೊನ್ನಿ 0ಸಿಇ6, ಕಂಪ್ಯೂಟರಿಗೆ ಪೂರಾ ಬ್ಯಾರೆ ಬ್ಯಾರೆ. 214 ಕಡೆ ಸಿಕ್ತು. ಒಂದೇ ಏಟಿಗೆ ಎಲ್ಲಾ ಬದಲಿ ಮಾಡಿದ್ರ ಪದದ ನಂಬರಿನ ಸೊನ್ನಿನೂ ಕೆಡ್ತಾವ ಅಂತ ಒಂದೊಂದೇ ನೋಡಿ ಮಾಡಿದೆ. ತಂಗಿಗಿ ಫೋನ್ ಮಾಡಿ ಹೇಳಿದೆ, ಆಕಿ ಅವತ್ತಿಂದ ಸರಿಯಾಗಿ ಹೊಡೀಲಕತ್ತಾಳ. ಕನ್ನಡ ಟೈಪ್ ಮಾಡೋವ್ರು ದಯವಿಟ್ಟು ಇದೊಂದು ನೋಡ್ಕೋರಿ.

ಏಪ್ರಿಲ್ 26

ಬಿಸಲು ಸುಡ್ಲಕತ್ತದ, ಮಧ್ಯಾಹ್ನ ಲ್ಯಾಪ್‌ಟಾಪ್ ಮುಟ್ಟಂಗಿಲ್ಲ. ಬ್ಯಾಟರಿ ಸತ್ತದ, ಕರೆಂಟ್ ಹೋದ್ರ ಸೀದಾ ಬಂದ್, ಹೋದ ವಾರ ಹಿಂಗೇ ಅರ್ಧ ಪದ ಹೋಯ್ತು. ಇನ್ವರ್ಟರ್ ಲೈನಿಗೆ ಪ್ಲಗ್ ಹಾಕ್ಕೊಂಡೀನಿ, ಎಡಿಟರಿನಾಗ ಒಂದು ನಿಮಿಷಕ್ಕೊಮ್ಮೆ ಸೇವ್ ಇಟ್ಟೀನಿ. ಕೂಲರ್ ಎದುರಿಗೆ ಇಡ್ತಿದ್ದೆ, ಅದ್ರ ಹಸಿ ಗಾಳಿಗೆ ಧೂಳು ಕೀ ಒಳಗ ಹಿಡೀತದ, ಈಗ ಫ್ಯಾನ್ ಕೆಳಗೇ ಕುಂದ್ರತೀನಿ.

ಮೇ 17

181 ಪದ. ಆಯಿಗಿ ಓದ್ಲಿಕ್ಕ ಮೊದಲಿನ 60 ಪದ ಪ್ರಿಂಟ್ ತೆಗ್ಸಿದೆ, ನೋಟೋ ಸೆರಿಫ್ ಕನ್ನಡ ಫಾಂಟ್, 18 ಪಾಯಿಂಟ್. ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಅಂಗಡಿಗೆ ಪಿಡಿಎಫ್ ಮಾಡೇ ಒಯ್ದೆ, ಡಾಕ್ಯುಮೆಂಟ್ ಹಂಗೇ ಒಯ್ದ್ರ ಅಲ್ಲಿ ಫಾಂಟ್ ಇರಂಗಿಲ್ಲ, ಸಾಲು ಎಲ್ಲೆಲ್ಲೋ ಒಡೀತಾವ.

ಆಯಿ ಚಾಳೀಸ್ ಹಾಕ್ಕೊಂಡು ಬೆರಳಿಟ್ಟು ಓದಿದ್ಳು. 47ನೇದಕ್ಕ ನಿಂತಳು. ಮೂಲ ವಹಿಯಾಗ ಆ ಹಾಳಿ ಅರ್ಧ ಹರಿದದ, ಎರಡನೇ ನುಡಿ ಇಲ್ಲ, ನಾ ಅಲ್ಲಿ ಚುಕ್ಕಿ ಹಾಕಿ ಬಿಟ್ಟಿದ್ದೆ.

"ಇಲ್ಲಿ ಯಾಕ ಬಿಟ್ಟಿ ತಮ್ಮಾ?"

"ಹಾಳಿ ಹರಿದದ ಆಯಿ, ಮುತ್ಯಾ ಏನ್ ಬರ್ದಿದ್ನೋ ಗೊತ್ತಿಲ್ಲ."

"ಬರ್ದಿದ್ದು ನನಗೇನ್ ಗೊತ್ತಪಾ. ಹಾಡ್ತಿದ್ದುದು ಗೊತ್ತದ."

ಫೋನ್ ತರ್ತೀನಿ ತಡಿ ಅಂದು ಓಡಿ ಹೋಗಿ ತಂದೆ. ಆಯಿ ತೊಡಿ ಮ್ಯಾಲ ತಾಳ ಹಾಕ್ಕೋತ ಇಡೀ ಪದ ಹಾಡಿದ್ಳು, ಎರಡನೇ ನುಡಿನೂ ಬಂತು, ವಹಿಯಾಗ ಎಲ್ಲೂ ಇಲ್ಲದ ಒಂದು ನಾಲ್ಕನೇ ನುಡಿನೂ ಬಂತು. ಆರು ನಿಮಿಷ ನಲವತ್ತು ಸೆಕೆಂಡ್ ರೆಕಾರ್ಡ್ ಆಗ್ಯದ. 047ರ ಫೈಲಿನಾಗ ಆ ಎರಡು ನುಡಿ ಬ್ಯಾರೆ ಮಾಡಿ ಕೆಳಗ ಹಾಕೀನಿ, ಮ್ಯಾಲ "ಆಯಿ ಹಾಡಿದ್ದು, ಮೇ 17" ಅಂತ ಬರ್ದೀನಿ. ಆಡಿಯೋ ಲ್ಯಾಪ್‌ಟಾಪಿನಾಗ ಒಂದು, ಪೆನ್‌ಡ್ರೈವಿನಾಗ ಒಂದು, ತಂಗಿ ಕಡೆ ಒಂದು. ನಾಳಿಂದ ಮುಂಜಾನಿ ಒಂದೇ ಪದ ಟೈಪ್, ಸಂಜಿಕ ಆಯಿ ಸಂಗಟ ರೆಕಾರ್ಡಿಂಗ್, 001ರಿಂದ.