ಏಳು ವರ್ಷ ಮುಂದಿನ ಊರು

1999ರ ಬೇಸಿಗೆ ರಜೆಯಲ್ಲಿ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾವಿದ್ದ ಬಾಡಿಗೆ ಮನೆಯ ಹತ್ತಿರದ ವಿಡಿಯೊ ಅಂಗಡಿಯವರು, ಬಾಡಿಗೆಗೆ ಕೊಟ್ಟು ಕೊಟ್ಟು ಹಳತಾದ ಗೇಮ್ ಕಾರ್ಟ್ರಿಜ್‌ಗಳನ್ನು ಕಡಿಮೆ ಬೆಲೆಗೆ ಮಾರಲು ಹೊರಗಿಟ್ಟಿದ್ದರು. ಅಕ್ಕ ಮತ್ತು ನಾನು ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಅಲ್ಲಿಂದ ತಂದದ್ದು ನಿಂಟೆಂಡೊ 64 ಎಂಬ ವಿಡಿಯೊ ಗೇಮ್ ಯಂತ್ರದ 'ದ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್'. ಬ್ಯಾಂಕುಗಳ ಹಳೆಯ ಪ್ರೋಗ್ರಾಮುಗಳಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದರಿಂದ 2000 ಬರುವುದರೊಳಗೆ ಅವುಗಳನ್ನೆಲ್ಲ ತಿದ್ದಬೇಕಾಗಿದ್ದ ಕಾಲ ಅದು. ಆ ವೈಟುಕೆ ಕೆಲಸಕ್ಕಾಗಿಯೇ ಅಪ್ಪ ಹಿಂದಿನ ವರ್ಷ ಮೈಸೂರಿನಿಂದ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದರು. ನನಗೆ ಆಗ ಹತ್ತು ವರ್ಷ, ಅಕ್ಕನಿಗೆ ಹದಿಮೂರು.

ಆ ಆಟದಲ್ಲಿ ಮೂರು ಸೇವ್ ಫೈಲ್‌ಗಳಿಗೆ, ಅಂದರೆ ಆಡಿದಷ್ಟನ್ನು ಉಳಿಸಿಡುವ ದಾಖಲೆಗಳಿಗೆ, ಜಾಗವಿದೆ. ನಾವು ತಂದ ಕಾರ್ಟ್ರಿಜ್‌ನಲ್ಲಿ ಮೊದಲನೆಯ ಜಾಗ ಖಾಲಿ ಇರಲಿಲ್ಲ. ನಮಗಿಂತ ಮೊದಲು ಬಾಡಿಗೆಗೆ ಒಯ್ದಿದ್ದ ಯಾರೋ ಹುಡುಗನೋ ಹುಡುಗಿಯೋ ಅರ್ಧಕ್ಕಿಂತ ಹೆಚ್ಚು ಆಡಿ ಅಲ್ಲಿಯೇ ಬಿಟ್ಟಿದ್ದ ಫೈಲ್ ಅದರಲ್ಲಿತ್ತು. ನಮ್ಮ ಆಟವನ್ನು ಆರಂಭಿಸುವ ಮೊದಲು ಕುತೂಹಲಕ್ಕೆ ಅದನ್ನೇ ತೆರೆದೆವು. ಆಟದ ನಾಯಕ ಲಿಂಕ್ ದೊಡ್ಡವನಾಗಿ, ಎತ್ತರದ ಛಾವಣಿಯ 'ಟೆಂಪಲ್ ಆಫ್ ಟೈಮ್' ಎಂಬ ಗುಡಿಯೊಳಗೆ ಒಬ್ಬನೇ ನಿಂತಿದ್ದ. ಹೊರಗೆ ಬಂದರೆ ಕಪ್ಪು ಆಕಾಶ, ಎದುರಿಗೆ ಕುಸಿದ ಮನೆಗಳ ನಡುವೆ ಒಂದು ಚೌಕ. ಆ ಚೌಕದಲ್ಲಿ ರೀಡೆಡ್ ಎಂಬ ಜೀವಚ್ಛವಗಳು ನಿಂತಿದ್ದವು. ಅವುಗಳಲ್ಲೊಂದು ಕಿರುಚಿದ ಕೂಡಲೇ ಲಿಂಕ್‌ನ ಕೈಕಾಲು ಮರಗಟ್ಟಿತು. ಅಕ್ಕ ಯಂತ್ರವನ್ನು ಆರಿಸಿಬಿಟ್ಟಳು.

ಮರುದಿನ ಎರಡನೆಯ ಜಾಗದಲ್ಲಿ ನಮ್ಮ ಆಟ ಶುರುವಾಯಿತು. ಕಾಡಿನ ಪುಟ್ಟ ಹಳ್ಳಿಯ ಹುಡುಗ ಲಿಂಕ್ ಮೊದಲ ಬಾರಿಗೆ ಹೈರೂಲ್ ರಾಜ್ಯದ ರಾಜಧಾನಿಗೆ ಬರುತ್ತಾನೆ. ಸೇತುವೆ ದಾಟಿದರೆ ಪೇಟೆ: ಅಂಗಡಿಗಳ ಸಾಲು, ಓಡಾಡುವ ನಾಯಿಗಳು, ನಡುಚೌಕದಲ್ಲಿ ಕೈಹಿಡಿದು ಸುತ್ತುತ್ತಾ ಕುಣಿಯುವ ಜೋಡಿ. ಇದು ಅದೇ ಚೌಕ ಎಂದು ನಮಗೆ ಆ ಕ್ಷಣದಲ್ಲೇ ತಿಳಿಯಿತು. ಆಟವನ್ನು ಸರಿಯಾದ ಕ್ರಮದಲ್ಲಿ ಆಡುವವರು ಮೊದಲು ಈ ಗಲಾಟೆಯ ಪೇಟೆಯನ್ನು ಪ್ರೀತಿಸಿ, ಬಳಿಕ ಲಿಂಕ್‌ನ ಜೊತೆ ಏಳು ವರ್ಷದ ನಿದ್ದೆಯಿಂದ ಎದ್ದು ಅದರ ಹಾಳನ್ನು ಕಾಣುತ್ತಾರೆ. ಯಾರದೋ ಫೈಲ್‌ನಿಂದಾಗಿ ನಾವು ಹಾಳನ್ನು ಮೊದಲು ಕಂಡಿದ್ದೆವು. ಕುಣಿಯುವ ಜೋಡಿಯ ಪಕ್ಕದಲ್ಲಿ ಅಕ್ಕ ಲಿಂಕ್‌ನನ್ನು ಬಹಳ ಹೊತ್ತು ಸುಮ್ಮನೆ ನಿಲ್ಲಿಸಿಕೊಂಡಿದ್ದಳು. ಇನ್ನೂ ಕಳೆದುಹೋಗದ ಒಂದು ಜಾಗಕ್ಕಾಗಿ ನಾನು ಹಳಹಳಿಸಿದ್ದು ಬದುಕಿನಲ್ಲಿ ಅದೇ ಮೊದಲು.

ಜೆಲ್ಡಾ ಸರಣಿಯ ಅಭಿಮಾನಿಗಳ ಹಳಹಳಿಕೆಯನ್ನು ಹೊರಗಿನವರು ಸಾಮಾನ್ಯವಾಗಿ ಬಾಲ್ಯದ ನೆನಪೆಂದು ಮಾತ್ರ ತಿಳಿಯುತ್ತಾರೆ. ಬಾಲ್ಯದಲ್ಲಿ ಆಡಿದ ಬೇರೆ ಆಟಗಳೂ ನನಗೆ ನೆನಪಿವೆ, ಆದರೆ ಅವು ನನ್ನನ್ನು ಹೀಗೆ ಹಿಂದಕ್ಕೆ ಕರೆಯುವುದಿಲ್ಲ. ಈ ಸರಣಿಯ ಹುಟ್ಟೇ ಒಬ್ಬ ಮನುಷ್ಯನ ಹಿಂದಿರುಗುವ ಆಸೆಯಲ್ಲಿದೆ ಎಂಬುದು ಅದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಇದರ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಬೆಳೆದದ್ದು ಜಪಾನಿನ ಕ್ಯೋಟೊ ಪ್ರಾಂತ್ಯದ ಸೊನೊಬೆ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗ ಸುತ್ತಲಿನ ಗುಡ್ಡ, ಕಾಡುಗಳಲ್ಲಿ ಅಲೆದಾಡಿದ್ದನ್ನೂ, ಒಂದು ಗುಹೆಯನ್ನು ಕಂಡು ದೀಪ ಹಿಡಿದು ಅದರೊಳಕ್ಕೆ ಇಳಿದದ್ದನ್ನೂ ಅವರು ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ತಕಾಶಿ ತೆಝುಕಾ ಅವರ ಜೊತೆಗೂಡಿ ಅವರು ಮಾಡಿದ ಮೊದಲ ಜೆಲ್ಡಾ ಆಟ 1986ರ ಫೆಬ್ರುವರಿ 21ರಂದು ಜಪಾನಿನಲ್ಲಿ ಹೊರಬಂತು. ಅದು ಆರಂಭವಾಗುವುದು ಬಯಲಿನಲ್ಲಿ ನಿಂತ ಒಬ್ಬ ಹುಡುಗನಿಂದ ಮತ್ತು ಅವನ ಎದುರಿಗೆ ಬಾಯ್ದೆರೆದ ಒಂದು ಗುಹೆಯಿಂದ; ಗುಹೆಯೊಳಗೆ ಒಬ್ಬ ಮುದುಕ ಅವನಿಗೆ ಕತ್ತಿ ಕೊಡುತ್ತಾನೆ. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಸೊನೊಬೆಯ ಹುಡುಗನಿಗೂ ಯಾರೂ ಹೇಳಿರಲಿಲ್ಲ.

ಆ ಆಟದ ಶೀರ್ಷಿಕೆಯ ಸಂಗೀತಕ್ಕೆ ಫ್ರೆಂಚ್ ಸಂಯೋಜಕ ರವೆಲ್‌ನ 'ಬೊಲೆರೊ'ವನ್ನು ಬಳಸುವ ಯೋಚನೆಯಿತ್ತು. ಅದರ ಹಕ್ಕುಸ್ವಾಮ್ಯದ ಅವಧಿ ಇನ್ನೂ ಮುಗಿದಿಲ್ಲವೆಂದು ಕೊನೆಯ ಹಂತದಲ್ಲಿ ತಿಳಿದಾಗ, ಸಂಗೀತಗಾರ ಕೋಜಿ ಕೊಂಡೊ ಅವರು ಬಯಲಿನ ದೃಶ್ಯಕ್ಕೆ ತಾವು ಮಾಡಿದ್ದ ರಾಗವನ್ನೇ ಒಂದು ರಾತ್ರಿಯಲ್ಲಿ ಶೀರ್ಷಿಕೆಗೂ ಹೊಂದಿಸಿದರು. ಆ ರಾಗದ ನಾಲ್ಕು ಸ್ವರ ಕೇಳಿದರೆ ಸಾಕು, ಇಂದು ಮಧ್ಯವಯಸ್ಸಿನಲ್ಲಿರುವ ಎಷ್ಟೋ ಮಂದಿ ತಮ್ಮ ಹಳೆಯ ಮನೆಯ ನಡುಮನೆಯಲ್ಲಿ ನಿಂತಿರುತ್ತಾರೆ.

ಆದರೆ ನನ್ನ ಮಟ್ಟಿಗೆ ಕೊಂಡೊ ಅವರ ಅತ್ಯಂತ ಸೂಕ್ಷ್ಮವಾದ ಕೆಲಸ ಇರುವುದು ಒಕರಿನಾದಲ್ಲಿ. ಒಕರಿನಾ ಎಂದರೆ ಮಣ್ಣಿನಿಂದ ಮಾಡಿದ, ಅಂಗೈಯಲ್ಲಿ ಹಿಡಿಯುವ ಊದುವಾದ್ಯ. ಆಟದಲ್ಲಿ ಅದನ್ನು ನುಡಿಸಲು ಐದು ಗುಂಡಿಗಳಿವೆ, ಆದ್ದರಿಂದ ಐದೇ ಮೂಲ ಸ್ವರಗಳು. ಮೈಸೂರಿನಲ್ಲಿ ಸಂಗೀತ ಪಾಠಕ್ಕೆ ಹೋಗುತ್ತಿದ್ದ ಅಕ್ಕ, ಅತಿ ಕೆಳಗಿನ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ಉಳಿದವನ್ನು ಕಂಡುಹಿಡಿದಳು: ಸಾಧಾರಣ ಗಾಂಧಾರ, ಪಂಚಮ, ಚತುಶ್ರುತಿ ಧೈವತ, ಮೇಲಿನ ಷಡ್ಜ. ರಾಜಕುಮಾರಿ ಜೆಲ್ಡಾಳ ಜೋಗುಳ ಅಕ್ಕನ ಪುಸ್ತಕದಲ್ಲಿ 'ದ ಸ ಪ, ದ ಸ ಪ' ಎಂದಾಯಿತು. ಕಾಡಿನ ಗೆಳತಿ ಸಾರಿಯಾಳ ಹಾಡು 'ಗ ಪ ದ, ಗ ಪ ದ'. ಕುದುರೆ ಎಪೋನಾಳನ್ನು ಕರೆಯುವ ಹಾಡು 'ಸ ದ ಪ, ಸ ದ ಪ'. ಮೂರು ಮೂರು ಸ್ವರಗಳ ಈ ತುಣುಕುಗಳನ್ನು ಆಟಗಾರನೇ ತನ್ನ ಬೆರಳುಗಳಿಂದ ನುಡಿಸಿದ ಮೇಲೆ ಕೊಂಡೊ ಅವರ ಪೂರ್ಣ ರಾಗ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಕಿವಿ ಮರೆತದ್ದನ್ನು ಬೆರಳು ಮರೆಯುವುದಿಲ್ಲವೆಂದು ವೀಣೆ ಕಲಿತವರಿಗೆಲ್ಲ ಗೊತ್ತು. ಇಪ್ಪತ್ತೈದು ವರ್ಷಗಳ ಬಳಿಕವೂ ಜನ ಈ ಹಾಡುಗಳನ್ನು ತಪ್ಪಿಲ್ಲದೆ ನುಡಿಸುವುದು ಆ ಕಾರಣದಿಂದಲೇ.

ಕಥೆಯನ್ನು ಅಕ್ಕ ಇಂಗ್ಲಿಷಿನಲ್ಲಿ ಓದಿಕೊಂಡು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಕಾಡನ್ನು ಕಾಯುವ ಡೆಕು ಮರ ಅವಳ ಬಾಯಲ್ಲಿ 'ಮರದಜ್ಜ'ನಾಗಿತ್ತು. ಮೊದಲ ಅಧ್ಯಾಯದಲ್ಲೇ ಆ ಅಜ್ಜ ಸಾಯುತ್ತಾನೆ. ಹಳ್ಳಿ ಬಿಟ್ಟು ಹೊರಟ ಲಿಂಕ್‌ಗೆ ಸೇತುವೆಯ ಮೇಲೆ ಸಾರಿಯಾ ತನ್ನ ಒಕರಿನಾ ಕೊಡುತ್ತಾಳೆ. ಅವನು ಮಾತಿಲ್ಲದೆ ಹಿಂದೆ ಹಿಂದೆ ಸರಿದು, ತಿರುಗಿ ಓಡುತ್ತಾನೆ. ಆ ಕಾಡಿನ ಮಕ್ಕಳು ಎಂದಿಗೂ ದೊಡ್ಡವರಾಗುವುದಿಲ್ಲ. ಏಳು ವರ್ಷಗಳ ಬಳಿಕ ಲಿಂಕ್ ಬಂದಾಗ ಅವರು ಹಾಗೆಯೇ ಇದ್ದಾರೆ, ಆದರೆ ದೊಡ್ಡವನಾದ ಅವನ ಗುರುತು ಯಾರಿಗೂ ಹತ್ತುವುದಿಲ್ಲ. ಕೊನೆಯಲ್ಲಿ ರಾಕ್ಷಸ ಗ್ಯಾನನ್ ಸೋತ ಮೇಲೆ ಜೆಲ್ಡಾ ಅವನನ್ನು ಬಾಲ್ಯಕ್ಕೆ ಹಿಂದಿರುಗಿಸುತ್ತಾಳೆ. ಅವನು ಹಿಂದಿರುಗಿದ ಲೋಕದಲ್ಲಿ ಆ ಏಳು ವರ್ಷಗಳು ನಡೆದೇ ಇಲ್ಲ. ಜೊತೆಗಿದ್ದ ನಾವಿ ಎಂಬ ಪುಟ್ಟ ದೇವತೆಯೂ ಕಿಟಕಿಯಿಂದ ಹಾರಿಹೋಗುತ್ತಾಳೆ, ಮತ್ತು 2000ದಲ್ಲಿ ಬಂದ 'ಮಜೋರಾಸ್ ಮಾಸ್ಕ್' ಆರಂಭವಾಗುವುದೇ ಆ ಕಳೆದುಹೋದ ಗೆಳತಿಯನ್ನು ಹುಡುಕುತ್ತ ಕುದುರೆಯೇರಿ ಹೊರಟ ಹುಡುಗನಿಂದ. ಆ ಆಟದಲ್ಲಿ ಮೂರು ದಿನಗಳಲ್ಲಿ ಚಂದ್ರ ಭೂಮಿಗೆ ಬೀಳುವುದಿದೆ. ಲಿಂಕ್ ಕಾಲವನ್ನು ಹಿಂದಕ್ಕೆ ತಿರುಗಿಸಿದಾಗಲೆಲ್ಲ ಅವನು ನೆರವಾದ ಜನ ಆ ನೆರವನ್ನು ಮರೆಯುತ್ತಾರೆ. ಮಕ್ಕಳ ಆಟವೆಂದು ಮಾರಿದ ವಸ್ತುವಿನೊಳಗೆ ಇಷ್ಟು ದುಃಖವನ್ನು ಇಷ್ಟು ಮೃದುವಾಗಿ ಇಟ್ಟವರ ಬಗ್ಗೆ ನನಗೆ ಗೌರವವಿದೆ.

ಪ್ರತಿ ತಲೆಮಾರಿಗೂ ತನ್ನದೇ ಆದ 'ಹಳೆಯ ಜೆಲ್ಡಾ' ಇದೆ. ನನಗಿಂತ ದೊಡ್ಡವರಿಗೆ ಅದು 1991ರ 'ಎ ಲಿಂಕ್ ಟು ದ ಪಾಸ್ಟ್' ಅಥವಾ 1993ರಲ್ಲಿ ಗೇಮ್ ಬಾಯ್‌ಗೆ ಬಂದ 'ಲಿಂಕ್ಸ್ ಅವೇಕನಿಂಗ್'. ನನಗಿಂತ ಚಿಕ್ಕವರಿಗೆ ಅದು 'ದ ವಿಂಡ್ ವೇಕರ್'. ಈ ಕೊನೆಯದರ ಚರಿತ್ರೆ ನನಗೆ ಮುಖ್ಯವೆನಿಸುತ್ತದೆ. 2000ದ ಪ್ರದರ್ಶನವೊಂದರಲ್ಲಿ ನಿಂಟೆಂಡೊ ಲಿಂಕ್ ಮತ್ತು ಗ್ಯಾನನ್‌ನ ಮನುಷ್ಯರೂಪವಾದ ಗ್ಯಾನನ್‌ಡಾರ್ಫ್‌ರ ನೈಜವಾಗಿ ಕಾಣುವ ಕತ್ತಿವರಸೆಯ ತುಣುಕನ್ನು ತೋರಿಸಿತ್ತು. ಮರುವರ್ಷ ತೋರಿಸಿದ ಹೊಸ ಆಟದಲ್ಲಿ ವ್ಯಂಗ್ಯಚಿತ್ರದ ಹಾಗೆ ದೊಡ್ಡ ಕಣ್ಣಿನ ಪುಟ್ಟ ಲಿಂಕ್ ಇದ್ದ. ಅಭಿಮಾನಿಗಳು ಸಿಟ್ಟಾದರು, ನಾನೂ ಸಿಟ್ಟಾದೆ. ಇಂದು ಅದೇ ಆಟದ ನೀಲಿ ಕಡಲನ್ನೂ ಗಾಳಿಯ ಗೆರೆಗಳನ್ನೂ ನೋಡಿದರೆ ಅದು ಒಂದಿಷ್ಟೂ ಹಳತಾಗಿಲ್ಲ, ಮತ್ತು ಅದನ್ನು ಬಾಲ್ಯದಲ್ಲಿ ಆಡಿದವರು ನಾನು ಒಕರಿನಾದ ಬಗ್ಗೆ ಮಾತಾಡುವ ಧ್ವನಿಯಲ್ಲೇ ಅದರ ಬಗ್ಗೆ ಮಾತಾಡುತ್ತಾರೆ. ಆಗಿನ ನನ್ನ ಸಿಟ್ಟು ಅನ್ಯಾಯದ್ದಾಗಿತ್ತು.

ಅಪ್ಪನ ಕೆಲಸ ಮುಗಿದು 2001ರಲ್ಲಿ ನಾವು ಮೈಸೂರಿಗೆ ಮರಳಿದೆವು. ಅಮೆರಿಕದ ಯಂತ್ರದ ಅಡಾಪ್ಟರ್ 110 ವೋಲ್ಟಿನದು; ನಾನು ಅದನ್ನು ನೇರವಾಗಿ ನಮ್ಮ ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಸುಟ್ಟ ವಾಸನೆ ಬಂತು. ಬೇರೆ ಅಡಾಪ್ಟರ್ ಮತ್ತು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹೊಂದಿಸುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಆಮೇಲೆ ಹಚ್ಚಿದರೆ ಚಿತ್ರದಲ್ಲಿ ಬಣ್ಣವಿರಲಿಲ್ಲ, ಏಕೆಂದರೆ ಅಮೆರಿಕದ ಎನ್‌ಟಿಎಸ್‌ಸಿ ಸಂಕೇತ ನಮ್ಮ ಪಾಲ್ ಪದ್ಧತಿಯ ಹಳೆಯ ಟಿವಿಗೆ ಅರ್ಥವಾಗುತ್ತಿರಲಿಲ್ಲ. ಎರಡು ವರ್ಷ ನಾವು ಹೈರೂಲ್ ಬಯಲನ್ನು ಕಪ್ಪುಬಿಳುಪಿನಲ್ಲಿ ಆಡಿದೆವು. ಹಸಿರು ಎಲ್ಲಿತ್ತೆಂದು ನೆನಪಿದ್ದವರಿಗೆ ಅದು ಕೊರತೆಯಾಗಿ ಕಾಣುತ್ತಿರಲಿಲ್ಲ.

2017ರ ಮಾರ್ಚ್ 3ರಂದು 'ಬ್ರೆತ್ ಆಫ್ ದ ವೈಲ್ಡ್' ಬಂದ ಮೇಲೆ ಹಳೆಯ ಅಭಿಮಾನಿಗಳಲ್ಲಿ ಒಂದು ವಾದ ಹುಟ್ಟಿ ಇನ್ನೂ ನಿಂತಿಲ್ಲ. ಹಿಂದಿನ ಆಟಗಳಲ್ಲಿ ಒಂದೊಂದು ಗುಡಿಯೂ ದೊಡ್ಡದೊಂದು ಒಗಟಾಗಿತ್ತು; ಅದರೊಳಗೆ ಸಿಗುವ ಹೊಸ ಸಾಧನದಿಂದಲೇ ಮುಂದಿನ ದಾರಿ ತೆರೆಯುತ್ತಿತ್ತು. ಹೊಸ ಆಟದಲ್ಲಿ ಆ ಕ್ರಮವಿಲ್ಲ. 120 ಪುಟ್ಟ ಗುಡಿಗಳಿವೆ, ಯಾವ ದಿಕ್ಕಿಗಾದರೂ ಹೋಗಬಹುದು, ಯಾವ ಬೆಟ್ಟವನ್ನಾದರೂ ಹತ್ತಬಹುದು. ಇದು ಜೆಲ್ಡಾ ಅಲ್ಲ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಒಕರಿನಾದ ವಾಟರ್ ಟೆಂಪಲ್‌ನಲ್ಲಿ ನೀರಿನ ಮಟ್ಟವನ್ನು ಮೂರು ಹಂತಗಳಲ್ಲಿ ಏರಿಸಿ ಇಳಿಸುತ್ತ, ಕಬ್ಬಿಣದ ಬೂಟು ತೊಡಲು ಮತ್ತು ಬಿಚ್ಚಲು ಪ್ರತಿ ಸಲವೂ ಆಟ ನಿಲ್ಲಿಸುತ್ತ, ಒಂದು ಬೀಗದಕೈಗಾಗಿ ಒಂದು ವಾರ ಕಳೆದವರು ನಾವು. ಅದು ಕಷ್ಟವೆಂದು ಅದನ್ನು ರೂಪಿಸಿದ ಎಯ್ಜಿ ಅವೊನುಮಾ ಅವರೇ ಒಪ್ಪಿಕೊಂಡರು, 2011ರ ಹೊಸ ಆವೃತ್ತಿಯಲ್ಲಿ ಬೂಟಿನ ತೊಡಕನ್ನು ಸರಿಪಡಿಸಿದರು. ಆದರೂ ಆ ವಾರ ನನಗೆ ಬೇಕು.

ಹಾಗಿದ್ದೂ ಈ ವಾದದಲ್ಲಿ ನಾನು ಹೊಸ ಆಟದ ಪಕ್ಷ. ಅದರಲ್ಲಿ ಲಿಂಕ್ ನೂರು ವರ್ಷ ಮಲಗಿ, ನೆನಪು ಕಳೆದುಕೊಂಡು ಏಳುತ್ತಾನೆ. ಅವನ ಕೈಯಲ್ಲಿ ಜೆಲ್ಡಾ ತೆಗೆದ 12 ಚಿತ್ರಗಳಿವೆ. ಆ ಜಾಗಗಳನ್ನು ಹುಡುಕಿ, ಅಲ್ಲಿಯೇ ಹೋಗಿ ನಿಂತಾಗ ಒಂದೊಂದೇ ನೆನಪು ಮರಳುತ್ತದೆ. ನಾನು ಒಂದು ಸಂಜೆ ಬಯಲಿನ ನಡುವೆ ಕುದುರೆಯಲ್ಲಿ ಹೋಗುತ್ತಿದ್ದಾಗ ದಿಬ್ಬದ ಮೇಲೆ ಬಿದ್ದ ಗೋಡೆಗಳು ಕಂಡವು. ಹತ್ತಿರ ಹೋದರೆ ಒಂದು ಹಾಳು ಕಟ್ಟಡ, ಅದರಾಚೆ ದುಂಡಗಿನ ಮೈದಾನ. ನಕ್ಷೆಯಲ್ಲಿ ಅದಕ್ಕೆ 'ಕುದುರೆ ಸಾಕುವ ತಾಣದ ಅವಶೇಷ' ಎನ್ನುವಷ್ಟೇ ಹೆಸರಿದೆ. ಆದರೆ ಅದರ ವಿನ್ಯಾಸ ಒಕರಿನಾದ ಲಾನ್ ಲಾನ್ ರ‍್ಯಾಂಚ್‌ನದೇ, ಮ್ಯಾಲನ್ ಎಂಬ ಹುಡುಗಿ ಹಾಡುತ್ತ ಎಪೋನಾಳನ್ನು ಸಾಕುತ್ತಿದ್ದ ಜಾಗ. ಯಾವ ಪಾತ್ರವೂ ಬಂದು ಇದನ್ನು ಹೇಳುವುದಿಲ್ಲ. ಆರಂಭದ ಪ್ರಸ್ಥಭೂಮಿಯ ಮೇಲೆ ಟೆಂಪಲ್ ಆಫ್ ಟೈಮ್ ಕೂಡ ಛಾವಣಿ ಮುರಿದು ನಿಂತಿದೆ. ಅಲ್ಲಿ ಆಗೊಂದು ಈಗೊಂದು ಕೇಳುವ ಪಿಯಾನೊ ಸ್ವರಗಳನ್ನು ಜೋಡಿಸಿಕೊಂಡರೆ ಅದು 1998ರಲ್ಲಿ ಬಂದ ಒಕರಿನಾದ ಆ ಗುಡಿಯ ಹಾಡೇ, ಗುರುತು ಸಿಗದಷ್ಟು ನಿಧಾನಗೊಂಡದ್ದು. ಹೊಸದಾಗಿ ಬಂದವನಿಗೆ ಇದು ಕೇವಲ ಹಾಳು ಗುಡಿ. ನಾನು ಮಾತ್ರ ಕಂಟ್ರೋಲರ್ ಕೆಳಗಿಟ್ಟು ಪುಣೆಯಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಮಾತು, "ಪೇಟೆ ಇದೆಯಾ?"

ಪೇಟೆ ಅಲ್ಲಿಯೂ ಹಾಳಾಗಿತ್ತು.

ಒಕರಿನಾದ ಕಾರ್ಟ್ರಿಜ್ ಈಗಲೂ ಮೈಸೂರಿನ ಮನೆಯಲ್ಲಿದೆ. ಅದರ ಸೇವ್ ಫೈಲ್‌ಗಳನ್ನು ಉಳಿಸುವುದು ಒಳಗೆ ಬೆಸುಗೆ ಹಾಕಿದ ನಾಣ್ಯದಾಕಾರದ ಒಂದು ಬ್ಯಾಟರಿ. ಅದು ಬರಿದಾದ ದಿನ ಮೂರೂ ಫೈಲ್‌ಗಳು ಅಳಿಯುತ್ತವೆ, ಮತ್ತು ಎಚ್ಚರವಿಲ್ಲದೆ ಬ್ಯಾಟರಿ ಬದಲಿಸಿದರೂ ಅಳಿಯುತ್ತವೆ. ಆಟ ಸ್ವತಃ ಅಳಿಯುವುದಿಲ್ಲ. ಅದು ಬೇರೆ ಯಂತ್ರಗಳಿಗೆ ಮತ್ತೆ ಮತ್ತೆ ಬಂದಿದೆ, ಅಭಿಮಾನಿಗಳು ಅದರ ಪ್ರೋಗ್ರಾಮನ್ನು ಸಾಲುಸಾಲಾಗಿ ಬಿಡಿಸಿ 2021ರಲ್ಲಿ ಆ ಕೆಲಸ ಮುಗಿಸಿದ್ದಾರೆ. ಅಳಿಯುವುದು ನಾವು ಆಡಿದ ಆಟ ಮಾತ್ರ. ಫೈಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮತ್ತೆ ತುಂಬುವ ಸಾಧನವೊಂದನ್ನು ಅಕ್ಕ ತರಿಸಿದ್ದಾಳೆ, ಮುಂದಿನ ಸಲ ಬರುವಾಗ ತರುತ್ತಾಳೆ.

ಕಳೆದ ದಸರೆಗೆ ಊರಿಗೆ ಹೋದಾಗ ಯಂತ್ರವನ್ನು ಹಚ್ಚಿ ನೋಡಿದೆ. ಮೂರೂ ಇದ್ದವು. ಮೊದಲನೆಯದರಲ್ಲಿ ಕಾಡಿನ ಮತ್ತು ಬೆಂಕಿಯ ಗುಡಿಗಳನ್ನು ಗೆದ್ದ ಪದಕಗಳಿವೆ, ನೀರಿನದು ಇಲ್ಲ. ಆ ಮಗುವೂ ವಾಟರ್ ಟೆಂಪಲ್‌ನಲ್ಲೇ ಸಿಕ್ಕಿಕೊಂಡಿರಬೇಕು. ನಾವು ಅದನ್ನು ಎಂದೂ ಮುಂದುವರಿಸಲಿಲ್ಲ, ಅಳಿಸಲೂ ಇಲ್ಲ. ನಾನು ಅದನ್ನು ತೆರೆದು, ಗುಡಿಯಿಂದ ಹೊರಬಂದು, ಚೌಕದ ಅಂಚಿನವರೆಗೆ ನಡೆದು, ಕಿರುಚುವವರ ಕಣ್ಣಿಗೆ ಬೀಳದಷ್ಟು ದೂರದಲ್ಲಿ ಸ್ವಲ್ಪ ಹೊತ್ತು ನಿಂತು, ಸೇವ್ ಮಾಡದೆ ಆರಿಸಿದೆ.