ಮೇಷ್ಟ್ರಿಗೇ ‘ಬಾರೋ’ ಅಂದಿದ್ದೆ

ಎಂಟನೇ ಕ್ಲಾಸು. ಪಾಠದಲ್ಲಿ ಅಡಿಗೆರೆ ಎಳೆಯೋಕೆ ಕೆಂಪು ಪೆನ್ನು ಬೇಕಿತ್ತು. ಇಂಗ್ಲಿಷ್ ಪೀರಿಯಡ್‌ನಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಕೇಳಬೇಕು. ಎದ್ದು ನಿಂತು, “ಸರ್, ಪ್ಲೀಸ್ ಬಾರೋ ಮಿ ಯುವರ್ ಪೆನ್” ಅಂದೆ. ಮೇಷ್ಟ್ರು ಹತ್ತಿರ ಬಂದರು. ನನ್ನ ಜೇಬಿನಲ್ಲಿದ್ದ ನೀಲಿ ಪೆನ್ನನ್ನೇ ತೆಗೆದುಕೊಂಡು, “ಬಾರೋ ಅಂದೆ, ಬಂದೆ. ಪೆನ್ನನ್ನೂ ತಗೊಂಡೆ. ಥ್ಯಾಂಕ್ಯೂ” ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಪೀರಿಯಡ್ ಮುಗಿಯುವವರೆಗೂ ಪೆನ್ನು ವಾಪಸ್ ಬರಲಿಲ್ಲ.

ಆಮೇಲೆ ಬಿಡಿಸಿ ಹೇಳಿದರು. ಎರವಲು ತಗೊಳ್ಳೋದು ಬಾರೋ, ಎರವಲು ಕೊಡೋದು ಲೆಂಡ್. ಕನ್ನಡದಲ್ಲಿ ‘ಎರವಲು’ ಒಂದೇ ಇರುತ್ತದೆ, ಕೊಡು, ತಗೋ ಅಂತ ಸೇರಿಸಿದರೆ ಆಯ್ತು. ಇಂಗ್ಲಿಷಿನಲ್ಲಿ ಪದವೇ ಬದಲಾಗಬೇಕು.

ಅವರ ಪಾಠವೇ ಹಾಗೆ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಆ ತಪ್ಪು ಎಲ್ಲಿಂದ ಬಂತು ಅಂತ ಹುಡುಕುತ್ತಿದ್ದರು. ಒಬ್ಬ “ಐ ಆಸ್ಕ್ ರೇಡಿಯೋ ನ್ಯೂಸ್” ಅಂತ ಬರೆದಿದ್ದ. “ಪಾಪ, ಇವನದೇನು ತಪ್ಪು? ನಮ್ಮ ‘ಕೇಳು’ ಒಂದೇ ಮೂರು ಕೆಲಸ ಮಾಡುತ್ತೆ” ಅಂದರು. ಪ್ರಶ್ನೆ ಕೇಳಿದರೆ ಆಸ್ಕ್. ಹೆಂಚಿನ ಮೇಲೆ ಮಳೆ ಬಿದ್ದ ಸದ್ದು ತಾನಾಗೇ ಕೇಳಿಸಿದರೆ ಹಿಯರ್. ಕಿವಿಗೊಟ್ಟು ಕೇಳಿದರೆ ಲಿಸನ್. ಹಿಂದಿನ ಬೆಂಚಿನ ನಮಗೆ ಹಿಯರ್ ಮಾತ್ರ ಗೊತ್ತು ಅಂತ ಒಂದು ಮಾತೂ ಸೇರಿಸಿದರು! ‘ನೋಡು’ ಕೂಡ ಹೀಗೇ. ಕಣ್ಣಿಗೆ ಬಿದ್ದರೆ ಸೀ, ಕತ್ತು ತಿರುಗಿಸಿ ನೋಡಿದರೆ ಲುಕ್, ಕೂತು ಮ್ಯಾಚ್ ನೋಡಿದರೆ ವಾಚ್.

ಅಫೆಕ್ಟ್, ಎಫೆಕ್ಟ್ ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತವೆ. ಮಳೆ ಬೆಳೆಯನ್ನು ಅಫೆಕ್ಟ್ ಮಾಡುತ್ತದೆ, ಆದ ಹಾನಿ ಎಫೆಕ್ಟ್. ಮಾತಾಡುವಾಗ ನಾವು ಎರಡಕ್ಕೂ “ಎಫೆಕ್ಟ್ ಆಯ್ತು” ಅಂದುಬಿಡುತ್ತೀವಲ್ಲ, ಅದಕ್ಕೇ ಇರಬೇಕು.

ಸ್ಕೂಲಿನ ಎದುರು ನೋಟ್‌ಬುಕ್, ಪೆನ್ಸಿಲ್ ಮಾರುವ ಅಂಗಡಿ ಇತ್ತು. ಅದರ ಬೋರ್ಡಿನಲ್ಲಿ ಸ್ಟೇಷನರಿ ಪದದ ಕೊನೆಗೆ ‘ಇ-ಆರ್-ವೈ’ ಬದಲು ‘ಎ-ಆರ್-ವೈ’ ಅಂತಿತ್ತು. ಎ ಬಂದರೆ ನಿಂತಲ್ಲೇ ನಿಂತಿರುವುದು ಅಂತ ಅರ್ಥ, ಕೆಟ್ಟು ನಿಂತ ಬಸ್ಸಿನ ಹಾಗೆ. ಮೇಷ್ಟ್ರು ಕಿಟಕಿಯಿಂದ ತೋರಿಸಿ, “ಪೇಪರ್‌ನಲ್ಲಿ ಇ-ಆರ್ ಇದೆ, ಪೇಪರ್ ಮಾರೋ ಅಂಗಡೀಲೂ ಇ-ಆರ್ ಇರಬೇಕು. ಆದರೂ ಇವರು ಬರೆದಿರೋದು ಸುಳ್ಳಲ್ಲ, ಅಂಗಡಿ ಅಲ್ಲೇ ನಿಂತಿದೆಯಲ್ಲ” ಅಂದಿದ್ದರು.

ಅದು ಸುಮ್ನೆ ತಮಾಷೆ ಅಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಡಿಕ್ಷನರಿ ತಿರುವಿದಾಗ ಗೊತ್ತಾಯಿತು, ಎರಡೂ ಪದಗಳ ಬೇರು ಒಂದೇ! ಊರೂರು ಸುತ್ತಿ ಮಾರುವವರೇ ಜಾಸ್ತಿ ಇದ್ದ ಕಾಲದಲ್ಲಿ, ಒಂದೇ ಕಡೆ ಅಂಗಡಿ ಇಟ್ಟ ಪುಸ್ತಕ ವ್ಯಾಪಾರಿಗೆ ಸ್ಟೇಷನರ್ ಅಂತ ಹೆಸರಂತೆ. ಲಂಡನ್ನಿನಲ್ಲಿ 1403ರಲ್ಲೇ ಅವರ ಸಂಘ ಶುರುವಾಗಿತ್ತು. ಅವರು ಮಾರುವ ಸಾಮಾನು ಸ್ಟೇಷನರಿ ಆಯಿತು. ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತೋ ಏನೋ, ಕೇಳೋಣ ಅಂದರೆ ಅವರು ಈಗಿಲ್ಲ.

ಕಳೆದ ಸಲ ಊರಿಗೆ ಹೋದಾಗ ಆ ಅಂಗಡಿ ಹುಡುಕಿದೆ. ಹೊಸ ಫ್ಲೆಕ್ಸ್ ಬೋರ್ಡಿನಲ್ಲಿ ಸ್ಪೆಲಿಂಗ್ ಸರಿಯಾಗಿದೆ. ಅಂಗಡಿ ಮಾತ್ರ ಬಸ್ ಸ್ಟ್ಯಾಂಡ್ ಹತ್ತಿರಕ್ಕೆ ಹೋಗಿದೆ.